ಬೆನ್ನಿಗೆ ಸರಿದ ಕರಡಿಗೆ

ನಮ್ಮ ಹಿಟ್ಟಿನ ಮಿಲ್ಲು ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಮಿಲ್ಲು ಅಂದರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಒಂದು ಮೋಟಾರು, ರಾಗಿ ಗೋಧಿಗೆ ಒಂದು ಕಲ್ಲು, ಮೆಣಸಿನಕಾಯಿಗೆ ಬೇರೆ ಕಲ್ಲು. ಶೆಡ್ಡಿಗೆ ಅಂಟಿಕೊಂಡ ಹಾಗೆ ಹಿಂದುಗಡೆ ಮನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಮಿಲ್ಲು ಒಂದು ಮಧ್ಯಾಹ್ನ ಇಸ್ಪೀಟಿನಲ್ಲಿ ನಮ್ಮ ಕೈಬಿಟ್ಟು ಹೋಯಿತು. ಹೇಗೆ ಹೋಯಿತು ಅನ್ನುವುದನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ಕಂಡದ್ದು ಇಷ್ಟು.

ಮಿಲ್ಲು ನಡೆಸುತ್ತಿದ್ದದ್ದು ನಾನು. ಬುಕ್ಕಾಂಬುಧಿಯಿಂದ ಮದುವೆಯಾಗಿ ಬಂದ ವರ್ಷವೇ ಅತ್ತೆ ನನಗೆ ಕೆಲಸ ಕಲಿಸಿದರು. ಕರೆಂಟು ಇದ್ದಾಗಲೇ ಬೀಸಿ ಮುಗಿಸಬೇಕು. ರಾಗಿಯ ಸರದಿ ಮುಗಿದು ಅಕ್ಕಿ ತಂದವರು ಬಂದರೆ, ಕಲ್ಲಿನಲ್ಲಿ ಉಳಿದ ರಾಗಿ ಹಿಟ್ಟು ಅವರದಕ್ಕೆ ಸೇರಿ ಕಪ್ಪಾಗದ ಹಾಗೆ ಮೊದಲು ನಮ್ಮನೆಯ ಒಂದು ಹಿಡಿ ಅಕ್ಕಿ ಹಾಕಿ ಬೀಸಿ ತೆಗೆಯಬೇಕು. ಆ ಹಿಟ್ಟು ಕರುವಿಗೆ. ಸಂಜೆ ತಲೆಗೂದಲಿಗೆ ಎಣ್ಣೆ ಹಚ್ಚಿದರೆ ಹಿಟ್ಟು ಸೇರಿ ಅಂಟಾಗುತ್ತದೆ, ಹಾಗಾಗಿ ಬೆಳಿಗ್ಗೆಯೇ ಹಚ್ಚಿ ಬಟ್ಟೆ ಕಟ್ಟಿಕೊಳ್ಳಬೇಕು. ಇದೆಲ್ಲ ಅತ್ತೆ ಹೇಳಿಕೊಟ್ಟದ್ದು. ಅವರ ಒಬ್ಬನೇ ಮಗ, ನಮ್ಮ ಯಜಮಾನರು, ಮೋಟಾರು ಕೆಟ್ಟಾಗ ರಿಪೇರಿ ಮಾಡುವುದು ಬಿಟ್ಟರೆ ಮಿಲ್ಲಿಗೆ ಬರುತ್ತಿದ್ದದ್ದು ಕಡಿಮೆ. ಅವರ ಜೀವವೆಲ್ಲ ಇಸ್ಪೀಟಿನಲ್ಲಿತ್ತು.

ಇಸ್ಪೀಟಿನಲ್ಲೂ ಮೂರೆಲೆ ಒಂದೇ. ಒಬ್ಬೊಬ್ಬರಿಗೂ ಮೂರು ಎಲೆ, ಯಾರದು ದೊಡ್ಡದೋ ನಡುವೆ ಬಿದ್ದ ಹಣ ಅವರದು. ಕೈಯಲ್ಲಿ ಏನೂ ಇಲ್ಲದವನು ಇದೆ ಅನ್ನುವ ಹಾಗೆ ಹಣ ಏರಿಸುತ್ತ ಹೋಗಿ, ಎದುರಿನವನು ಹೆದರಿ ಎಲೆ ಇಟ್ಟುಬಿಟ್ಟರೆ ಅವನೂ ಗೆದ್ದ ಹಾಗೆಯೇ. ಆದ್ದರಿಂದ ತನ್ನ ಎಲೆಗಿಂತ ಎದುರಿನವನನ್ನು ನೋಡುವುದು ಮುಖ್ಯ ಎನ್ನುವುದು ಅವರ ಮಾತು. ಒಂದು ದಿನ ಊಟ ಮುಗಿಸಿ, ನಾನು ಅಕ್ಕಿ ಕೇರುತ್ತಿದ್ದ ಮೊರದ ಮುಂದೆಯೇ ಕೂತು ಪಾಠ ಶುರುಮಾಡಿದರು.

"ನೋಡು ಕಣೇ, ಎದುರಿಗಿರೋನ ಕೈಲಿ ಯಾವ ಎಲೆ ಇದೆ ಅಂತ ಯಾರಿಗೂ ಗೊತ್ತಾಗಲ್ಲ. ಆದ್ರೆ ಯಾವ್ಯಾವ ಎಲೆ ಇರಕ್ಕೆ ಸಾಧ್ಯ ಇಲ್ಲ ಅಂತ ಗೊತ್ತಾಗ್ತದೆ. ಎಲೆ ಎತ್ತಿದ್ ತಕ್ಷಣ ದುಡ್ಡು ಹಾಕಿದ್ನಾ? ಹಂಗಾರೆ ತೀರಾ ಸಣ್ಣ ಎಲೆ ಅಲ್ಲ. ಎರಡು ಸುತ್ತು ತಡೆದು ಹಾಕಿದ್ನಾ? ಹಂಗಾರೆ ಮೂರು ರಾಜ ಅಲ್ಲ. ಮೂರು ರಾಜ ಬಂದೋನು ಸುಮ್ನೆ ಕೂರಕ್ಕಾಗಲ್ಲ, ಕಾಲ್ಬೆರಳಾದ್ರೂ ಆಡ್ತವೆ. ಹಿಂಗೇ ಕೇರ್ತಾ ಹೋಗೋದು. ಹೊಟ್ಟೆಲ್ಲ ಹಾರಿಹೋಗಿ ಕೊನೇಗೆ ಮೊರದಲ್ಲಿ ಉಳೀತದಲ್ಲ, ಅದೇ ಅವನ ಎಲೆ."

"ಅಷ್ಟು ಚೆನ್ನಾಗಿ ಕೇರಕ್ ಬರ್ತದೆ ಅಂದ್ರೆ ಈ ಮೊರಾನೂ ತಗೊಳ್ಳಿ. ನಂಗೆ ರಾತ್ರಿ ಸಾರಿಗೆ ಹೊತ್ತಾಯ್ತು" ಅಂದೆ.

ಮನೆಯವರನ್ನೂ ಅವರು ಹಾಗೆಯೇ ಓದುತ್ತಿದ್ದರು. ಒಳಗೆ ಕಾಲಿಡುತ್ತಲೇ, "ಇವತ್ತು ಅವ್ವ ನಿನ್ನ ಎರಡು ಸಲ ಬೈದಿದಾಳೆ, ಅಲ್ವಾ?" ಅನ್ನುತ್ತಿದ್ದರು. "ಮೂರು" ಅಂದರೆ ಮುಖ ಸಣ್ಣಗಾಗುತ್ತಿತ್ತು. ನನ್ನನ್ನು ಬೈದದ್ದಕ್ಕಲ್ಲ, ಒಂದು ತಪ್ಪಿತಲ್ಲ ಅನ್ನುವುದಕ್ಕೆ.

ಗೆದ್ದು ತಂದದ್ದೂ ಉಂಟು. ಮೆಣಸಿನಕಾಯಿಯ ಕಲ್ಲು ಬಂದದ್ದೇ ಕಡೂರಿನಲ್ಲಿ ಅವರು ಗೆದ್ದ ಹಣದಿಂದ. ಹಾಗಾಗಿ ಅತ್ತೆಗಾಗಲಿ ನನಗಾಗಲಿ ಬೇಡ ಅನ್ನುವುದಕ್ಕೆ ಬಾಯಿ ಇರಲಿಲ್ಲ.

ನಮ್ಮ ಕಡೆ ಯುಗಾದಿಯ ಮಾರನೇ ದಿನ ವರ್ಷದ ತೊಡಕು. ಮಾಂಸದ ಅಡುಗೆ ಮಾಡುವ ಕೇರಿಗಳಲ್ಲಿ ಒಲೆಯ ಗಲಾಟೆಯಾದರೆ, ನಮ್ಮಂಥವರ ಮನೆಗಳಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಸಾರು ಬಿಸಿಮಾಡಿ ಉಂಡು ಗಂಡಸರು ಇಸ್ಪೀಟಿಗೆ ಕೂರುವುದು. ಆ ಒಂದು ದಿನ ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ, ಮಠಕ್ಕೆ ತಪ್ಪದೆ ನಡೆದುಕೊಳ್ಳುವ ಹಿರಿಯರೂ ಎರಡು ಕೈ ಆಡಿ ಏಳುತ್ತಿದ್ದರು. ತೊಡಕಿನ ದಿನ ಮಿಲ್ಲಿಗೆ ರಜ. ನೆಲ ಗುಡಿಸಿ, ಗೋಣಿತಾಟು ಹಾಸಿಕೊಟ್ಟರೆ ಅದೇ ಆಟದ ಜಾಗ.

ಆಟಕ್ಕೆ ಬರುತ್ತಿದ್ದವರೆಲ್ಲ ಹೆಚ್ಚುಕಡಿಮೆ ಕೊರಳಲ್ಲಿ ಲಿಂಗ ಕಟ್ಟಿದವರು. ಲಿಂಗವನ್ನು ಮೈಯಿಂದ ಬಿಚ್ಚಿ ಇಡುವ ಹಾಗಿಲ್ಲ. ಅದನ್ನು ಎದೆಯ ಮೇಲೆ ಇಟ್ಟುಕೊಂಡು ಸುಳ್ಳು ಆಟ ಆಡುವುದಕ್ಕೂ ಮನಸ್ಸು ಬಾರದು. ಹಾಗಾಗಿ ಕೂರುವ ಮೊದಲು ಒಬ್ಬೊಬ್ಬರೂ ಶಿವದಾರ ಹಿಡಿದು, ಲಿಂಗವಿರುವ ಬೆಳ್ಳಿಯ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದರು. "ಸ್ವಲ್ಪ ಹೊತ್ತು ಆ ಕಡೆ ನೋಡ್ತಿರಪ್ಪಾ ಸ್ವಾಮಿ" ಎಂದು ಯಾರೋ ಅಂದರೆ ಉಳಿದವರು ನಗುತ್ತಿದ್ದರು. ನಗುತ್ತಲೇ ತಾವೂ ಸರಿಸುತ್ತಿದ್ದರು.

ಪ್ರತಿ ತೊಡಕಿಗೂ ತರೀಕೆರೆಯಿಂದ ಬರುತ್ತಿದ್ದವರು ಒಬ್ಬ ಈರುಳ್ಳಿ ಸಾಹುಕಾರರು. ನಮ್ಮ ಸುತ್ತಲ ಹೊಲಗಳಲ್ಲಿ ಈರುಳ್ಳಿ ಕೀಳುವ ಮೊದಲೇ ನಾಲ್ಕಾರು ಗೆಡ್ಡೆ ಕಿತ್ತು ನೋಡಿ, ಇಡೀ ಹೊಲಕ್ಕೆ ಬೆಲೆ ಕಟ್ಟಿ ಕೊಳ್ಳುವವರು. ದಪ್ಪ ಮೈ, ಮಾತು ಕಡಿಮೆ. ಗೆದ್ದರೂ ಸೋತರೂ ಅವರ ಮುಖ ಬಾಗಿಲು ಹಾಕಿದ ಅಂಗಡಿಯ ಹಾಗೆ ಇರುತ್ತಿತ್ತು. ಅವರನ್ನು ಓದುವುದಕ್ಕೆ ನಮ್ಮ ಯಜಮಾನರಿಗೆ ಹಲವು ವರ್ಷ ಹಿಡಿಯಿತು. ಓದಿದ ತೊಡಕಿನ ಮಾರನೇ ದಿನ ಮಿಲ್ಲಿಗೇ ಬಂದು, ಬೀಸುವ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಕೂಗಿ ಹೇಳಿದರು.

"ಸಿಕ್ತು ಕಣೇ! ಸಾವ್ಕಾರ್ರ ಎಲೆ ನಿಜವಾಗ್ಲೂ ಚೆನ್ನಾಗಿದ್ರೆ, ಹೆಬ್ಬೆರಳಲ್ಲಿ ಶಿವದಾರ ಮೀಟಿ ಕರಡಿಗೇನ ಮುಂದಕ್ ತಗೋತಾರೆ. ಅವರಿಗೇ ಗೊತ್ತಿಲ್ದಂಗೆ. ಸುಳ್ಳು ಇಲ್ವಲ್ಲ, ದೇವರು ನೋಡಿದ್ರೂ ಪರವಾಗಿಲ್ಲ ಅಂತ. ಸುಳ್ಳಾಡ್ತಿದ್ರೆ ಬೆನ್ನಲ್ಲೇ ಬಿಟ್ಟಿರ್ತಾರೆ."

ಆಮೇಲಿನ ತೊಡಕುಗಳಲ್ಲಿ ಕಾಫಿ ಕೊಡಲು ಹೋದಾಗ ನಾನೂ ಗಮನಿಸಿದ್ದೆ. ಅವರು ಹೇಳಿದ್ದು ಒಂದು ಸಲವೂ ತಪ್ಪಿರಲಿಲ್ಲ.

ಆ ವರ್ಷದ ತೊಡಕಿನ ದಿನ ಬಿಸಿಲು ಜೋರಾಗಿತ್ತು. ತಗಡಿನ ಕೆಳಗೆ ಐದಾರು ಜನ ಬನಿಯನ್ನಿನಲ್ಲಿ ಕೂತಿದ್ದರು, ಸಾಹುಕಾರರು ಮಾತ್ರ ಜುಬ್ಬ ತೆಗೆದಿರಲಿಲ್ಲ. ಮಂಡಕ್ಕಿ ಕಲೆಸಿ ಎರಡನೇ ಸಲ ತೆಗೆದುಕೊಂಡು ಹೋದಾಗ ಉಳಿದವರೆಲ್ಲ ಎಲೆ ಇಟ್ಟಿದ್ದರು. ಆಟದಲ್ಲಿ ಉಳಿದವರು ಸಾಹುಕಾರರು, ನಮ್ಮವರು ಇಬ್ಬರೇ. ಗೋಣಿಯ ಮೇಲೆ ನಾನು ಅಲ್ಲಿಯವರೆಗೆ ಕಾಣದಷ್ಟು ಹಣ ಬಿದ್ದಿತ್ತು. ಸಾಹುಕಾರರು ಆ ವರ್ಷದ ಈರುಳ್ಳಿಯ ಹಣವನ್ನು ಟವಲಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಆ ಗಂಟನ್ನು ಹಾಗೇ ನಡುವೆ ಇಟ್ಟರು.

ಇನ್ನು ನಮ್ಮವರು ಅಷ್ಟೇ ಬೆಲೆಯದು ಏನಾದರೂ ಇಟ್ಟು ಎಲೆ ತೋರಿಸಿ ಅನ್ನಬೇಕು, ಇಲ್ಲವೇ ತಮ್ಮ ಎಲೆ ಇಟ್ಟು ಏಳಬೇಕು. ಅವರ ಹತ್ತಿರ ಹಣ ಮುಗಿದಿತ್ತು.

"ಸಾಕು ಕಣ್ರೀ, ಎಲೆ ಇಟ್ಬಿಡಿ" ಅಂದರು ಸಾಹುಕಾರರು. "ನಂದು ಚೆನ್ನಾಗಿದೆ. ನಿಜ ಹೇಳ್ತಾ ಇದೀನಿ."

"ಚೆನ್ನಾಗಿರೋ ಎಲೆ ಇಟ್ಕೊಂಡೋರು ಎದುರಿಗಿರೋನ್ನ ಬಿಡು ಅಂತ ಯಾಕಂತಾರೆ ಸಾವ್ಕಾರ್ರೇ? ಇನ್ನೂ ಹಾಕು ಅನ್ಬೇಕಪ್ಪ."

"ನಿಮ್ಮನೆ ಒಬ್ಬಟ್ಟು ತಿಂದಿದೀನಿ. ಅದಕ್ಕೆ ಹೇಳ್ದೆ."

"ಒಬ್ಬಟ್ಟು ಅರಗೋಗಿರ್ತದೆ ಬಿಡಿ."

ಸುತ್ತ ಕೂತವರು ನಕ್ಕರು. ನಮ್ಮವರು ನಗುತ್ತಲೇ ಪಕ್ಕಕ್ಕೆ ಬಾಗಿ ಸಾಹುಕಾರರ ಭುಜದ ಆಚೆಗೆ ನೋಡಿದರು. ನಾನೂ ನೋಡಿದೆ. ಜುಬ್ಬದ ಬೆನ್ನಿನಲ್ಲಿ, ಎರಡು ರೆಕ್ಕೆಮೂಳೆಗಳ ನಡುವೆ, ಕರಡಿಗೆ ಉಬ್ಬಿಕೊಂಡು ಕಾಣುತ್ತಿತ್ತು. ನನಗೂ ಉಸಿರು ಹಗುರಾಯಿತು. ಸಾಹುಕಾರರದು ಸುಳ್ಳು ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ನಮ್ಮವರು ಉಡಿದಾರಕ್ಕೆ ಕಟ್ಟಿದ್ದ ಮಿಲ್ಲಿನ ಬೀಗದ ಕೈಯನ್ನು ಬಿಚ್ಚಿ ಟವಲಿನ ಗಂಟಿನ ಮೇಲೆ ಇಟ್ಟರು. "ಶೆಡ್ಡು, ಮೋಟಾರು, ಎರಡೂ ಕಲ್ಲು. ಈಗ ತೋರ್ಸಿ."

"ರೀ" ಅಂದೆ. ಅಷ್ಟು ಗಂಡಸರ ನಡುವೆ ನನ್ನ ದನಿ ಎಷ್ಟು ಹೊರಟಿತೋ ತಿಳಿಯದು. ಅವರು ತಿರುಗದೆ, ಎಲ್ಲ ಸರಿಯಿದೆ ಅನ್ನುವ ಹಾಗೆ ಎಡಗೈ ಎತ್ತಿ ಆಡಿಸಿದರು.

ಸಾಹುಕಾರರು ಬೀಗದ ಕೈಯನ್ನೇ ನೋಡುತ್ತ ಕೂತಿದ್ದು, ಆಮೇಲೆ ಒಂದೊಂದಾಗಿ ಎಲೆ ಮಗುಚಿದರು. ಏಳು, ಎಂಟು, ಒಂಬತ್ತು. ನಮ್ಮವರ ಕೈಯಲ್ಲಿ ಇದ್ದದ್ದು ರಾಜನ ಜೋಡಿ. ಒಂದರ ಹಿಂದೊಂದು ಬಂದ ಮೂರೆಲೆಯ ಮುಂದೆ ಜೋಡಿ ನಿಲ್ಲುವುದಿಲ್ಲ. ಅಷ್ಟು ನನಗೂ ಗೊತ್ತಿತ್ತು.

ನಮ್ಮವರು ಎಲೆಗಳ ಕಡೆ ನೋಡಲೇ ಇಲ್ಲ. ಕೂತಲ್ಲೇ ಬಾಗಿ, ಮತ್ತೆ ಸಾಹುಕಾರರ ಬೆನ್ನು ನೋಡಿದರು. ಕರಡಿಗೆ ಅಲ್ಲೇ ಇತ್ತು.

ಸಾಹುಕಾರರು ಕೆಟ್ಟವರಲ್ಲ. ಅಷ್ಟು ಜನರ ಮುಂದೆ ಬೀಗದ ಕೈ ವಾಪಸು ಕೊಟ್ಟರೆ ಭಿಕ್ಷೆ ಹಾಕಿದ ಹಾಗಾಗುತ್ತದೆ, ನಮ್ಮವರು ತೆಗೆದುಕೊಳ್ಳುವವರೂ ಅಲ್ಲ. ಮಾರನೇ ದಿನ ಬಂದು ನನಗೆ ಹೇಳಿದರು: "ಅಕ್ಕಾರೇ, ಮಿಲ್ಲು ಇಲ್ಲೇ ನಡೀಲಿ. ನೀವೇ ನಡ್ಸಿ, ಸಂಬಳ ಅಂತ ಇಟ್ಕೊಳ್ಳಿ. ನಂಗೆ ಬೀಸಕ್ ಬರ್ತದಾ?" ಹೀಗೆ ಅದೇ ಕಲ್ಲಿನ ಮುಂದೆ ಅದೇ ಮಣೆಯ ಮೇಲೆ ಕೂತು ನಾನು ಬೇರೆಯವರ ಆಳಾದೆ. ಸಂತೆಯ ದಿನ ಅವರ ಕಡೆಯವನೊಬ್ಬ ಬಂದು ಡ್ರಾಯರು ಖಾಲಿ ಮಾಡಿಕೊಂಡು ಹೋಗುತ್ತಿದ್ದ.

ಮನೆ ಮಾತ್ರ ಉಳಿದಿತ್ತು. ಅದರ ಖಾತೆ ಅತ್ತೆಯ ಹೆಸರಿನಲ್ಲಿತ್ತು.

ಆ ವರ್ಷವೆಲ್ಲ ಯಜಮಾನರು ಇಸ್ಪೀಟು ಮುಟ್ಟಲಿಲ್ಲ. ಜಗುಲಿಯ ಮೇಲೆ ಕೂತಿರುತ್ತಿದ್ದರು. ಮಿಲ್ಲು ಹೋದದ್ದಕ್ಕಿಂತ ತಮ್ಮ ಕಣ್ಣು ಕೈಕೊಟ್ಟದ್ದು ಅವರನ್ನು ತಿನ್ನುತ್ತಿತ್ತು. ತರಕಾರಿಯವಳು, "ಈಗ್ಲೇ ಕಿತ್ತಿದ್ದು ಕಣಣ್ಣ, ಬದನೆಕಾಯಿ" ಅಂದರೆ, ಅವಳು ಹೇಳುವುದು ನಿಜವೋ ಸುಳ್ಳೋ ಅಂತ ನನ್ನ ಮುಖ ನೋಡುತ್ತಿದ್ದರು. ಅವ್ವ ಬೈದಿದ್ದಾಳಾ ಅಂತ ಕೇಳುವುದೂ ನಿಂತಿತು. ಬಡಿಸಿದ್ದು ತಿನ್ನುವರು, ಬಡಿಸದಿದ್ದರೆ ಕೇಳರು. ಆದರೂ ಅದು ಒಂದು ಥರದಲ್ಲಿ ನಿಶ್ಚಿಂತೆಯ ವರ್ಷವಾಗಿತ್ತು. ಇದ್ದ ಮನೆ ಇರುತ್ತದೆ ಎಂದುಕೊಂಡು ಮಲಗುತ್ತಿದ್ದೆ.

ಚಳಿಗಾಲದಲ್ಲಿ ಒಂದು ದಿನ ಮಿಲ್ಲಿನ ಬೆಲ್ಟು ಕಿತ್ತುಹೋಯಿತು. ಈರುಳ್ಳಿ ನೋಡಲು ಬಂದಿದ್ದ ಸಾಹುಕಾರರು ಅಲ್ಲೇ ಇದ್ದರು. ಹೊಸ ಬೆಲ್ಟು ಏರಿಸಲು ಇಬ್ಬರು ಬೇಕು. ಯಜಮಾನರನ್ನು ಕರೆದೆ. ಹಿಟ್ಟಾಗುತ್ತದೆ ಅಂತ ಸಾಹುಕಾರರು ಜುಬ್ಬ, ಬನಿಯನ್ನು ಎರಡನ್ನೂ ತೆಗೆದು ಮೊಳೆಗೆ ನೇತುಹಾಕಿದರು. ಅವರ ಎದೆಯ ನಡುವೆ, ಕರಡಿಗೆ ತೂಗುವ ಜಾಗದಲ್ಲಿ, ಕೆಂಪಗೆ ಸುಕ್ಕುಗಟ್ಟಿದ ದೊಡ್ಡ ಕಲೆ ಇತ್ತು.

"ಇದೇನ್ ಸಾವ್ಕಾರ್ರೇ?" ಅಂದರು ನಮ್ಮವರು.

"ಕುರು ಆಗಿತ್ತು ಕಣ್ರೀ, ಹೋದ ಯುಗಾದೀಲಿ. ಏನ್ ಹಿಂಸೆ ಅಂತೀರಾ! ಬಟ್ಟೆ ತಾಗಿದ್ರೂ ಜೀವ ಹೋಗೋದು. ಕರಡಿಗೆ ಮುಂದಕ್ಕೆ ಬಿಡಕ್ಕೇ ಆಗ್ತಿರ್ಲಿಲ್ಲ. ಪೂಜೆ ಮುಗಿಸಿದ್ ತಕ್ಷಣ ಬೆನ್ನಿಗೆ ಹಾಕ್ಕೊಳ್ಳೋದು, ಒಂದು ತಿಂಗಳು ಅದೇ ಆಯ್ತು."

ನಮ್ಮವರ ಕೈಯಿಂದ ಬೆಲ್ಟು ಜಾರಿ ಬಿತ್ತು. ಕುಸಿದು ಕೂರುತ್ತಾರೆ ಅಂದುಕೊಂಡು ನಾನು ಮುಂದಕ್ಕೆ ಬಂದೆ. ಅವರ ಮುಖ ಅರಳುತ್ತಿತ್ತು.

"ನೋಡಿದ್ಯೇನೇ?" ಅಂದರು ನನ್ನ ಕಡೆ ತಿರುಗಿ. "ನೋಡಿದ್ಯಾ?"

"ಏನಾಯ್ತ್ರೀ?" ಅಂದರು ಸಾಹುಕಾರರು. ಅವರಿಗೆ ಪಾಪ ತಲೆಬುಡ ತಿಳಿಯಲಿಲ್ಲ.

"ಏನಿಲ್ಲ ಸಾವ್ಕಾರ್ರೇ, ಎಳೀರಿ, ಬೆಲ್ಟು ಎಳೀರಿ!"

ಅವತ್ತು ಮಧ್ಯಾಹ್ನ ಎರಡು ಮುದ್ದೆ ಉಂಡು ಮಜ್ಜಿಗೆಗೆ ಮತ್ತೆ ಅನ್ನ ಹಾಕಿಸಿಕೊಂಡರು. "ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರ್ಲಿಲ್ಲ ಕಣೇ. ಕುರು ಇಲ್ದಿದ್ರೆ ಕರಡಿಗೆ ಮುಂದಕ್ ಬಂದೇ ಬರ್ತಿತ್ತು. ನಾನು ಎಲೆ ಇಟ್ಬಿಡ್ತಿದ್ದೆ. ನಂದೇನ್ ತಪ್ಪು ಹೇಳು?"

"ಮಿಲ್ಲು ಹೋಯ್ತಲ್ಲ."

"ಮಿಲ್ ಮಾತು ಬಿಡು. ಲೆಕ್ಕ ಸರಿಯಿತ್ತಾ ಇಲ್ವಾ?"

"ಎದುರಿಗಿರೋ ಮನುಷ್ಯನಿಗೆ ಮೈಗೆ ಹುಷಾರಿಲ್ದೆ ಇರ್ಬೋದು ಅನ್ನೋದು ಲೆಕ್ಕಕ್ಕೆ ಬರ್ಲಿಲ್ವಲ್ಲ ನಿಮ್ಗೆ. ಅಷ್ಟು ಬಿಸಿಲಲ್ಲಿ ಅವರೊಬ್ರೇ ಜುಬ್ಬ ಹಾಕ್ಕೊಂಡು ಕೂತಿದ್ರು" ಅಂದೆ. ಜುಬ್ಬ ತೆಗೆದರೆ ಕುರು ಕಾಣುತ್ತದೆ ಎಂಬ ಸಂಕೋಚ ಅವರಿಗೆ ಇದ್ದಿರಬೇಕು ಅಂತ ನನಗೂ ಹೊಳೆದದ್ದು ಆಗಲೇ. ನಮ್ಮವರು ಕೇಳಿಸಿಕೊಳ್ಳಲಿಲ್ಲ. ಬೆರಳು ನೆಕ್ಕುತ್ತ ಹೊಸ್ತಿಲಿನ ಆಚೆ ನೋಡುತ್ತಿದ್ದರು.

ಮುಂದಿನ ವಾರವೇ ಅತ್ತೆಯ ಹತ್ತಿರ ಮನೆಯ ಖಾತೆಯ ಮಾತು ತೆಗೆದರು. ನಿನಗೆ ವಯಸ್ಸಾಯ್ತು, ಈಗಲೇ ನನ್ನ ಹೆಸರಿಗೆ ಬದಲಾಯಿಸಿಕೊಂಡರೆ ಒಳ್ಳೆಯದು ಅಂತ. ಯಾಕೆ ಅನ್ನುವುದನ್ನು ಅವರು ಮುಚ್ಚಿಡಲೂ ಇಲ್ಲ. ಮುಂದಿನ ತೊಡಕಿಗೆ ಕಡೂರಿನಲ್ಲಿ ದೊಡ್ಡ ಆಟ ಇದೆ, ಒಂದೇ ಸಲದ ಆಟದಲ್ಲಿ ಮಿಲ್ಲು ಬಿಡಿಸಿಕೊಳ್ಳಬಹುದು ಎಂದು ನನ್ನ ಮುಂದೆಯೇ ಅಂದರು. ನಾನು ಸಾಹುಕಾರರಿಗೆ ಹೇಳಿದೆ. ಅವರು ಬಂದು, "ಬೇಡ ಕಣ್ರೀ, ಮನೇನ ಆಟಕ್ಕೆ ಇಡ್ಬೇಡಿ" ಎಂದು ಕೈ ಹಿಡಿದುಕೊಂಡು ಹೇಳಿದರು. ಅವರು ಹೋದ ಮೇಲೆ ನಮ್ಮವರು ನಕ್ಕರು. "ಮಿಲ್ಲು ಎಲ್ಲಿ ವಾಪಸ್ ಹೋಗ್ತದೋ ಅಂತ ಹೆದ್ರಿಕೆ ಅವರಿಗೆ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಉಳಿದದ್ದು ಅತ್ತೆ. ಹಿತ್ತಿಲಲ್ಲಿ ಅವರ ತಲೆ ಬಾಚುತ್ತ, "ಅತ್ತೆ, ಹೆಬ್ಬೆಟ್ಟು ಒತ್ತಬೇಡಿ. ಇದೊಂದೇ ಉಳಿದಿರೋದು" ಅಂದೆ.

ಅವರು ಹಿಂದಕ್ಕೆ ತಿರುಗಿ ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡರು. "ಒಂದು ವರ್ಷ ಹೆಣದ ಥರ ಕೂತಿದ್ದ ಕಣೇ. ಈಗ ನಗಾಡ್ತಾ ಇದಾನೆ. ನಿನ್ನೆ ನನ್ನ ಕೇಳ್ದ, ಅವ್ವ ಇವತ್ತು ಸೊಸೆ ಜೊತೆ ಜಗಳ ಆಡಿದ್ಯಾ ಅಂತ. ಕೇಳಿ ಎಷ್ಟ್ ದಿನ ಆಗಿತ್ತು! ನಾನು ಒತ್ತಲ್ಲ ಅಂದ್ರೆ ಮತ್ತೆ ಹೋಗಿ ಆ ಜಗುಲಿ ಮೇಲೆ ಕೂತ್ಕೋತಾನೆ. ನನ್ನ ಕೈಲಿ ನೋಡಕ್ಕಾಗಲ್ಲಮ್ಮ."

ನಗುವ ಗಂಡನನ್ನು ಕಂಡು ನನಗೂ ಒಂದೆರಡು ದಿನ ಹಿತವಾಗಿತ್ತು.

ತಾಲ್ಲೂಕು ಕಛೇರಿಗೆ ತರೀಕೆರೆಗೆ ಹೋಗಬೇಕು. ಮೂವರೂ ಬಸ್ಸಿನಲ್ಲಿ ಹೋದೆವು. ಕೆಲಸ ಬೇಗ ಮುಗಿಯಿತು. ನಮ್ಮವರು ಖುಷಿಯಲ್ಲಿ ಅವ್ವನಿಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ಬರುವಾಗ ಅತ್ತೆ ಮಸಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ತಾಗದ ಹಾಗೆ ಮೇಲಕ್ಕೆತ್ತಿ ಹಿಡಿದುಕೊಂಡೇ ಅಜ್ಜಂಪುರದವರೆಗೂ ಕೂತಿದ್ದರು.

ತೊಡಕಿನ ದಿನ ಬೆಳಿಗ್ಗೆ ನಮ್ಮವರು ಕಡೂರಿನ ರೈಲಿಗೆ ಹೋದರು. ಮಾರನೇ ದಿನ ಮಧ್ಯಾಹ್ನ ಬಂದರು. ನಾನು ಮಿಲ್ಲಿನಲ್ಲಿದ್ದೆ. ಅತ್ತೆಯ ದನಿ ಕೇಳಿ ಬಂದು ನೋಡಿದರೆ, ಅವರು ಚಪ್ಪಲಿ ಬಿಡದೆ ಜಗುಲಿಯ ಅಂಚಿನಲ್ಲಿ, ಯಾರದೋ ಮನೆಗೆ ಬಂದವರ ಹಾಗೆ ಕೂತಿದ್ದರು. "ಒಳಗ್ ಬಾರಪ್ಪಾ, ಊಟ ಮಾಡು" ಅಂತ ಅತ್ತೆ ಮೂರು ನಾಲ್ಕು ಸಲ ಕರೆದರು. ಹೂಂ ಅನ್ನುತ್ತಿದ್ದರು, ಏಳುತ್ತಿರಲಿಲ್ಲ. ನಾನು ಕೇಳಲಿಲ್ಲ. ಅವರೇ ಹೇಳಿದರು.

"ಎಲ್ಲಾರ್ನೂ ಸರಿಯಾಗೇ ಓದಿದ್ದೆ ಕಣೇ. ಒಬ್ಬೊಬ್ರೇ ಎಲೆ ಇಟ್ಟು ಎದ್ದೋದ್ರು. ಒಬ್ಬ ಉಳ್ಕೊಂಡ. ಬೀರೂರಿನ ಕಡೆ ಹುಡುಗ. ಅವನು ಎಲೆ ಎತ್ತಿ ನೋಡ್ಲೇ ಇಲ್ಲ."

"ನೋಡ್ದೆ ಹೆಂಗೆ ಆಡ್ತಾರೆ?"

"ಆಡ್ಬೋದು. ಎಲೆ ನೆಲದ ಮೇಲೇ ಬಿಟ್ಟು ದುಡ್ಡು ಹಾಕ್ತಾ ಹೋಗ್ಬೋದು. ಹಾಕ್ದ, ಹಾಕ್ದ, ಕೊನೇವರ್ಗೂ ಹಂಗೇ ಹಾಕ್ದ. ನನ್ನ ಎಲೆ ಚೆನ್ನಾಗೇ ಇತ್ತು. ಮಗುಚಿದ್ರೆ ಅವನದು ಇನ್ನೂ ದೊಡ್ಡದು. ತನ್ನ ಕೈಲಿ ಏನಿದೆ ಅಂತ ಅವನಿಗೇ ಗೊತ್ತಿರ್ಲಿಲ್ಲ. ನಾನು ಅವನ ಮುಖದಲ್ಲಿ ಏನಂತ ಓದ್ಲಿ?"

ಇದನ್ನು ಹೇಳುವಾಗ ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಅತ್ತೆ ಒಳಗೆ ಹೋಗಿ ಬಡಿಸಿದ್ದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.

ಗೆದ್ದವನ ಕಡೆಯವರು ಬಂದು ಮನೆ ನೋಡಿ, ತಿಂಗಳೊಳಗೆ ಬಿಟ್ಟುಕೊಡಿ ಅಂದರು. ನಮ್ಮವರು ಮಾತು ತಪ್ಪಲಿಲ್ಲ, ಅದೊಂದು ಅವರಲ್ಲಿತ್ತು. ಸಾಹುಕಾರರು ಮಿಲ್ಲಿನ ಪಕ್ಕದಲ್ಲಿ ಮೆಣಸಿನಕಾಯಿ ಚೀಲ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. ಎರಡು ಸಲ ತೊಳೆದರೂ ಗೋಡೆಯಿಂದ ಘಾಟು ಹೋಗಲಿಲ್ಲ. ಅತ್ತೆ ಒಳಗೆ ಕಾಲಿಟ್ಟವರೇ ಸೀನತೊಡಗಿದರು. ನಮ್ಮವರು ಪಾತ್ರೆಗಳನ್ನು ಒಂದೊಂದಾಗಿ ತಂದು ರಸ್ತೆ ಬದಿಯಲ್ಲಿ ಇಡುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಕರೆಂಟು ಬಂದ ಮೇಲೆ ಮಿಲ್ಲು ನಿಲ್ಲಿಸುವ ಹಾಗಿಲ್ಲ. ಹೆಂಗಸರು ಆಗಲೇ ಡಬ್ಬ ಹಿಡಿದು ನಿಂತಿದ್ದರು. ಹಾಸಿಗೆ ಸುರುಳಿಯನ್ನು ಗೋಡೆಗೆ ಒರಗಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಸ್ವಿಚ್ಚು ಹಾಕಿದೆ. ಮೊದಲು ನಿಂತಿದ್ದವಳು ಕೋಟೆ ಬೀದಿಯವಳು, ವರ್ಷಗಳಿಂದ ನನ್ನಲ್ಲೇ ಬೀಸಿಸುವವಳು. ರಸ್ತೆ ಬದಿಯ ಪಾತ್ರೆಗಳನ್ನೂ ಮಣೆಗಳನ್ನೂ ನೋಡಿದಳು.

"ಏನಕ್ಕಾ, ಸಾಮಾನೆಲ್ಲ ಆಚೆ ಬಂದವೆ?"

"ಸುಣ್ಣ ಹೊಡಿಸ್ತಾ ಇದೀವಿ ಕಣೇ" ಅಂದೆ.

ಯುಗಾದಿ ಕಳೆದ ಮೇಲೆ ನಮ್ಮ ಕಡೆ ಯಾರೂ ಮನೆಗೆ ಸುಣ್ಣ ಹೊಡೆಸುವುದಿಲ್ಲ. ಅದು ಅವಳಿಗೂ ಗೊತ್ತು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ, "ಹೂಂ, ಗೋಡೆ ಕೊಳೆಯಾಗಿದ್ವು ಅಲ್ವಾ" ಎಂದು ರಾಗಿಯ ಡಬ್ಬವನ್ನು ನನ್ನ ಕೈಗೆ ಕೊಟ್ಟಳು.